ಚೀನಾದ ಉಪಗ್ರಹ ಹಾರಿದಾಗ ಅದರ ಕಕ್ಷೆಯನ್ನು ಮನೆಯಿಂದಲೇ ಹಿಡಿಯುವ ಬಗೆ

ಚೀನಾ ಒಂದು ಉಪಗ್ರಹವನ್ನು ಹಾರಿಸಿತು ಎಂಬ ಸುದ್ದಿ ಬಹುಮಟ್ಟಿಗೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಇಂಥ ಕೇಂದ್ರದಿಂದ, ಇಂಥ ರಾಕೆಟ್ಟಿನಲ್ಲಿ ಹಾರಿತು. ನಿಗದಿತ ಕಕ್ಷೆಯನ್ನು ಸೇರಿತು. ಆ ನಿಗದಿತ ಕಕ್ಷೆ ಯಾವುದು, ಎಷ್ಟು ಎತ್ತರದ್ದು, ನಮ್ಮ ನೆತ್ತಿಯ ಮೇಲೆ ಎಂದಾದರೂ ಹಾದುಹೋಗುತ್ತದೆಯೇ ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಆದರೆ ಹೊರಟ ಜಾಗ, ಹಿಡಿದ ದಿಕ್ಕು, ಹೊರಟ ಹೊತ್ತು ಈ ಮೂರು ಗೊತ್ತಾದರೆ ಉಳಿದದ್ದರಲ್ಲಿ ಮುಕ್ಕಾಲು ಪಾಲನ್ನು ಒಂದು ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ನಾವೇ ಕಂಡುಕೊಳ್ಳಬಹುದು. ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಟಿಯಾನ್‌ಹೆಯನ್ನು ಇಟ್ಟುಕೊಂಡಿದ್ದೇನೆ. ಅದು ಚೀನಾದ ಬಾಹ್ಯಾಕಾಶ ನಿಲ್ದಾಣವಾದ ಟಿಯಾಂಗಾಂಗ್‌ನ ಮೊದಲ ಭಾಗ. ಟಿಯಾನ್‌ಹೆ ಎಂದರೆ ಬಾನಿನ ಸಾಮರಸ್ಯ. ಇದನ್ನೇ ಆರಿಸಿಕೊಳ್ಳಲು ಕಾರಣವೂ ಇದೆ: ಕೊನೆಯ ಹಂತಕ್ಕೆ ಬಂದಾಗ ನೀವು ಮಾಳಿಗೆಯ ಮೇಲೆ ನಿಂತು ಅದನ್ನು ಬರಿಗಣ್ಣಿನಲ್ಲಿ ನೋಡಬಹುದು.

ಮೊದಲು ಗಡಿಯಾರ

ಚೀನಾದ ಪ್ರಕಟಣೆಗಳು ಬೀಜಿಂಗ್ ಸಮಯದಲ್ಲಿರುತ್ತವೆ. ಅದು ನಮಗಿಂತ ಎರಡೂವರೆ ಗಂಟೆ ಮುಂದೆ. ಕಕ್ಷೆಯ ಲೆಕ್ಕಗಳೆಲ್ಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಟಿಯಾನ್‌ಹೆ ಹೊರಟದ್ದು 2021ರ ಏಪ್ರಿಲ್ 29ರಂದು ಬೀಜಿಂಗ್‌ನಲ್ಲಿ ಬೆಳಿಗ್ಗೆ 11.23 ಆಗಿದ್ದಾಗ. ಯುಟಿಸಿಯಲ್ಲಿ ಅದು 03.23, ನಮ್ಮಲ್ಲಿ 8.53. ನೋಟ್‌ಬುಕ್ಕಿನಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಉಪಗ್ರಹ ಕಾಣಲಿಲ್ಲವೆಂದು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ. ನಡುರಾತ್ರಿಯ ಸುತ್ತಮುತ್ತ ತಾರೀಕೂ ಬದಲಾಗುವುದರಿಂದ ಒಂದು ದಿನವೇ ತಪ್ಪಿಹೋಗುತ್ತದೆ.

ಎಲ್ಲಿಂದ ಹೊರಟಿತು?

ಚೀನಾಕ್ಕೆ ನೆಲದ ಮೇಲೆ ನಾಲ್ಕು ಮುಖ್ಯ ಉಡಾವಣಾ ಕೇಂದ್ರಗಳಿವೆ. ಗೋಬಿ ಮರುಭೂಮಿಯ ಅಂಚಿನ ಜಿಯುಚ್ಯುವಾನ್ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಗಗನಯಾತ್ರಿಗಳನ್ನು ಹೊತ್ತ ಶೆಂಝೌ ನೌಕೆಗಳು ಹೊರಡುವುದು ಅಲ್ಲಿಂದಲೇ. ಶಾನ್ಶಿ ಪ್ರಾಂತದ ತೈಯುವಾನ್ ಸುಮಾರು 39 ಡಿಗ್ರಿಯಲ್ಲಿದೆ. ಸಿಚುವಾನ್‌ನ ಬೆಟ್ಟಗಳ ನಡುವಿನ ಶೀಚಾಂಗ್ 28.2 ಡಿಗ್ರಿಯಲ್ಲಿದ್ದರೆ, ಹೈನಾನ್ ದ್ವೀಪದ ಕಡಲದಂಡೆಯ ವೆನ್‌ಚಾಂಗ್ 19.6 ಡಿಗ್ರಿಯಲ್ಲಿದೆ. ಶಾಂಡೊಂಗ್ ಕರಾವಳಿಯ ಹೈಯಾಂಗ್ ಬಳಿ ಹಡಗಿನ ಮೇಲಿಂದಲೂ ಸಣ್ಣ ರಾಕೆಟ್ಟುಗಳು ಹಾರುತ್ತವೆ.

ಅಕ್ಷಾಂಶವನ್ನು ನೆನಪಿಟ್ಟುಕೊಳ್ಳಲು ಕಾರಣವಿದೆ. ಸಮಭಾಜಕ ವೃತ್ತಕ್ಕೆ ಕಕ್ಷೆ ಎಷ್ಟು ಓರೆಯಾಗಿದೆ ಎಂಬ ಕೋನ, ರಾಕೆಟ್ ಮೇಲೆ ಹೋಗಿ ವಿಶೇಷವಾಗಿ ತಿರುವು ತೆಗೆದುಕೊಳ್ಳದ ಹೊರತು, ಹೊರಟ ಜಾಗದ ಅಕ್ಷಾಂಶಕ್ಕಿಂತ ಕಡಿಮೆಯಾಗಲಾರದು. ಜಿಯುಚ್ಯುವಾನ್‌ನಿಂದ ಏರಿದ್ದು 41 ಡಿಗ್ರಿಗಿಂತ ಕಡಿಮೆ ಓರೆಯ ಕಕ್ಷೆಗೆ ಸುಲಭವಾಗಿ ಹೋಗದು. ಟಿಯಾಂಗಾಂಗ್ ನಿಲ್ದಾಣ 41.5 ಡಿಗ್ರಿಯಲ್ಲಿ ಏಕಿದೆ ಎಂಬುದು ಇಲ್ಲಿಗೆ ಅರ್ಥವಾಗುತ್ತದೆ. ಯಾತ್ರಿಗಳ ನೌಕೆ ಜಿಯುಚ್ಯುವಾನ್‌ನಿಂದ ಹೆಚ್ಚೂಕಡಿಮೆ ನೇರ ಪೂರ್ವಕ್ಕೆ ಹಾರಿದರೆ ಸಾಕು, ನಿಲ್ದಾಣದ ಹಾದಿಗೇ ಬಂದು ಸೇರುತ್ತದೆ.

ಎಚ್ಚರಿಕೆಯ ಪ್ರಕಟಣೆಗಳಲ್ಲಿ ದಿಕ್ಕು ಅಡಗಿರುತ್ತದೆ

ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಹಂತ ಇದು. ಎಷ್ಟೇ ಗುಟ್ಟಿನ ಉಪಗ್ರಹವಾದರೂ ರಾಕೆಟ್ಟಿನ ಖಾಲಿ ಹಂತಗಳು, ಎಂದರೆ ಇಂಧನ ಮುಗಿದು ಕಳಚಿಕೊಳ್ಳುವ ಭಾಗಗಳು, ಎಲ್ಲೋ ಬೀಳಲೇಬೇಕು. ಆ ಜಾಗದ ಮೇಲೆ ವಿಮಾನ ಹಾರಬಾರದು, ಕಡಲಾದರೆ ಹಡಗು ಸುಳಿಯಬಾರದು. ಹೀಗಾಗಿ ಉಡಾವಣೆಗೆ ಕೆಲವು ದಿನ ಮೊದಲೇ ‘ನೋಟಮ್’ ಎಂಬ ವಿಮಾನಯಾನ ಎಚ್ಚರಿಕೆಗಳು ಹೊರಬೀಳುತ್ತವೆ. ಅವು ಎಲ್ಲರಿಗೂ ಸಿಗುವಂಥವು. ಚೀನಾದ ನೋಟಮ್‌ಗಳಲ್ಲಿ ರಾಕೆಟ್ ಎಂಬ ಮಾತೇ ಇರುವುದಿಲ್ಲ; ‘ತಾತ್ಕಾಲಿಕ ಅಪಾಯ ವಲಯ’ ಎಂದು ಹೇಳಿ, ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನೂ ಅವಧಿಯನ್ನೂ ಕೊಟ್ಟಿರುತ್ತಾರೆ. ಅವಧಿಯನ್ನು ಬರೆಯುವುದು ಹತ್ತು ಅಂಕಿಗಳಲ್ಲಿ. 2104290323 ಎಂದರೆ 2021ರ ಏಪ್ರಿಲ್ 29, ಯುಟಿಸಿ 03.23.

ಒಂದು ನಕ್ಷೆ ತೆರೆದು ಆ ಮೂಲೆಗಳನ್ನು ಗುರುತು ಮಾಡಿ. ಉದ್ದನೆಯ ಆಯತವೊಂದು ಮೂಡುತ್ತದೆ. ಸಾಮಾನ್ಯವಾಗಿ ಎರಡು ಮೂರು ಆಯತಗಳು ಮಣಿ ಪೋಣಿಸಿದಂತೆ ಒಂದೇ ಸಾಲಿನಲ್ಲಿ ಬರುತ್ತವೆ. ಆ ಸಾಲನ್ನು ಹಿಂದಕ್ಕೆ ಎಳೆದರೆ ಉಡಾವಣಾ ಕೇಂದ್ರ, ಮುಂದಕ್ಕೆ ಎಳೆದರೆ ರಾಕೆಟ್ಟಿನ ಹಾದಿ. ಈಗ ಉತ್ತರದಿಂದ ಪ್ರದಕ್ಷಿಣೆಯಾಗಿ ಆ ಹಾದಿಯ ಕೋನವನ್ನು ಅಳೆಯಿರಿ: ಪೂರ್ವ 90 ಡಿಗ್ರಿ, ದಕ್ಷಿಣ 180. ಕೋನ ಸಿಕ್ಕ ಮೇಲೆ ಒಂದೇ ಗುಣಾಕಾರ. ಉಡಾವಣಾ ಕೇಂದ್ರದ ಅಕ್ಷಾಂಶದ ಕೊಸೈನನ್ನು ದಿಕ್ಕಿನ ಸೈನಿನಿಂದ ಗುಣಿಸಿದರೆ ಕಕ್ಷೆಯ ಓರೆಯ ಕೊಸೈನ್ ಬರುತ್ತದೆ.

ವೆನ್‌ಚಾಂಗ್‌ನಿಂದ ಹಾದಿ 127 ಡಿಗ್ರಿ, ಅಂದರೆ ಆಗ್ನೇಯಕ್ಕೆ ಇದೆ ಎಂದುಕೊಳ್ಳೋಣ. 19.6ರ ಕೊಸೈನ್ 0.942. 127ರ ಸೈನ್ 0.799. ಗುಣಿಸಿದರೆ 0.753, ಕೊಸೈನ್ ಅಷ್ಟಿರುವ ಕೋನ 41 ಡಿಗ್ರಿಗೆ ತುಸು ಹೆಚ್ಚು. ನಿಲ್ದಾಣದ ಕಕ್ಷೆಯೇ ಇದು! ಭೂಮಿ ತನ್ನಷ್ಟಕ್ಕೆ ತಿರುಗುತ್ತಿರುವುದರಿಂದ ನಕ್ಷೆಯ ದಿಕ್ಕಿಗೂ ನಿಜವಾದ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಮೊದಲ ಅಂದಾಜಿಗೆ ಅದನ್ನು ಬಿಟ್ಟರೂ ನಡೆಯುತ್ತದೆ.

ಈ ಗುಣಾಕಾರ ಗೊತ್ತಿದ್ದರೆ ಸುದ್ದಿಯನ್ನು ಓದುವ ಬಗೆಯೇ ಬೇರೆಯಾಗುತ್ತದೆ. 2024ರ ಜನವರಿ 9ರಂದು ಶೀಚಾಂಗ್‌ನಿಂದ ಐನ್‌ಸ್ಟೈನ್ ಪ್ರೋಬ್ ಹಾರಿದಾಗ ತೈವಾನಿನ ಜನರ ಮೊಬೈಲುಗಳಲ್ಲಿ ಒಮ್ಮೆಲೇ ಎಚ್ಚರಿಕೆ ಮೊಳಗಿತು. ಅದರ ಇಂಗ್ಲಿಷ್ ಸಾಲಿನಲ್ಲಿ ಉಪಗ್ರಹದ ಬದಲು ಕ್ಷಿಪಣಿ ಎಂದು ಬಿದ್ದಿತ್ತು. ಚುನಾವಣೆಗೆ ನಾಲ್ಕೇ ದಿನ ಉಳಿದಿತ್ತು. ಜನ ಗಾಬರಿಯಾದದ್ದು ಸಹಜ. ಹಾರಿದ್ದು ಎಕ್ಸ್ ಕಿರಣಗಳಲ್ಲಿ ಆಕಾಶ ನೋಡುವ ದೂರದರ್ಶಕ. ಅದಕ್ಕೆ ಬೇಕಾಗಿದ್ದ ಓರೆ 29 ಡಿಗ್ರಿ. ಶೀಚಾಂಗ್‌ನ ಅಕ್ಷಾಂಶ 28.2. ಈ ಎರಡು ಅಂಕಿಗಳನ್ನು ಸೂತ್ರಕ್ಕೆ ಹಾಕಿದರೆ ದಿಕ್ಕು ಪೂರ್ವಕ್ಕಿಂತ ಏಳು ಡಿಗ್ರಿಯಷ್ಟು ದಕ್ಷಿಣಕ್ಕೆ ಬರುತ್ತದೆ. ನಕ್ಷೆಯ ಮೇಲೆ ಆ ಗೆರೆ ಎಳೆದು ನೋಡಿ, ಅದು ತೈವಾನಿನತ್ತ ಹೋಗುತ್ತದೆ.

ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಶೀಚಾಂಗ್ ಮತ್ತು ತೈಯುವಾನ್ ಒಳನಾಡಿನ ಕೇಂದ್ರಗಳು. ಅಲ್ಲಿಂದ ಏರಿದ ರಾಕೆಟ್ಟುಗಳ ಮೊದಲ ಹಂತ ಊರುಗಳಿರುವ ನೆಲದ ಮೇಲೆಯೇ ಬೀಳುತ್ತದೆ. ನಕ್ಷೆಯಲ್ಲಿ ನೀವು ಎಳೆದ ಆಯತದೊಳಗೆ ಗುಯಿಝೌ, ಗುವಾಂಗ್ಶಿ ಪ್ರಾಂತಗಳ ಹಳ್ಳಿಗಳಿರಬಹುದು. ಉಡಾವಣೆಯ ಹೊತ್ತಿಗೆ ಅಲ್ಲಿಯ ಜನರನ್ನು ಮನೆಯಿಂದ ಹೊರಗೆ ಕರೆತರುತ್ತಾರೆ. ಹಳೆಯ ಲಾಂಗ್ ಮಾರ್ಚ್ ರಾಕೆಟ್ಟುಗಳ ಇಂಧನ ವಿಷಕಾರಿ. ಬಿದ್ದ ತೊಟ್ಟಿಯಿಂದ ಏಳುವ ಕೆಂಗಂದು ಹೊಗೆ ನೈಟ್ರೋಜನ್ ಆಕ್ಸೈಡಿನದು. ನಕ್ಷೆಯನ್ನು ಹಿಗ್ಗಿಸಿ ನೋಡುವಾಗ ಗದ್ದೆಗಳ ಅಂಚು, ಮನೆಗಳ ಮಾಡು ಕಂಡರೆ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಎರಡು ಸಾಲಿನ ಜಾತಕ

ಉಪಗ್ರಹ ಮೇಲೆ ಹೋದ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ, ಅಮೆರಿಕದ ಬಾಹ್ಯಾಕಾಶ ಪಡೆಯ ರೇಡಾರುಗಳು ಅದನ್ನು ಗುರುತಿಸಿ ಪಟ್ಟಿಗೆ ಸೇರಿಸುತ್ತವೆ. ಆ ಅಂಕಿಅಂಶಗಳು ಸ್ಪೇಸ್ ಟ್ರ್ಯಾಕ್ ತಾಣದಲ್ಲಿ ನೋಂದಾಯಿಸಿಕೊಂಡವರಿಗೆ, ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಯಾರಿಗಾದರೂ, ಉಚಿತವಾಗಿ ಸಿಗುತ್ತವೆ. ಪ್ರತಿ ವಸ್ತುವಿಗೆ ಎರಡು ಸಾಲು ಅಂಕಿ. ಇದನ್ನು ಟಿಎಲ್ಇ ಎನ್ನುತ್ತಾರೆ. ಐದಂಕಿಯ ಕ್ರಮಸಂಖ್ಯೆಗಳು ತುಂಬುತ್ತ ಬಂದಿರುವುದರಿಂದ ಬೇರೆ ರೂಪದ ಕಡತಗಳೂ ಬಂದಿವೆ, ಆದರೆ ಒಳಗಿನ ಅಂಶಗಳು ಅವೇ.

ಮೊದಲ ಸಾಲಿನಲ್ಲಿ ಮೂರನ್ನು ನೋಡಿ. ಒಂದು, ಪಟ್ಟಿಯ ಕ್ರಮಸಂಖ್ಯೆ. ಟಿಯಾನ್‌ಹೆಯದು 48274. ಎರಡು, ಹುಟ್ಟಿನ ಗುರುತು. 2021-035ಎ ಎಂದರೆ 2021ನೇ ವರ್ಷದ 35ನೇ ಉಡಾವಣೆಯ ಮೊದಲ ವಸ್ತು. ಅದನ್ನು ಹೊತ್ತುಹೋದ ರಾಕೆಟ್ಟಿನ ಹಂತವೇ 2021-035ಬಿ. ಆರಂಭದ ದಿನಗಳಲ್ಲಿ ಹೆಸರಿನ ಜಾಗದಲ್ಲಿ ‘ವಸ್ತು ಎ’, ‘ವಸ್ತು ಬಿ’ ಎಂದಷ್ಟೇ ಇರಬಹುದು. ಯಾವುದು ಉಪಗ್ರಹ, ಯಾವುದು ಖಾಲಿ ಹಂತ ಎಂಬುದು ಕೆಲವೊಮ್ಮೆ ಅದಲುಬದಲಾಗಿಯೂ ಇರುತ್ತದೆ. ಮೂರನೆಯದು, ಈ ಅಂಕಿಗಳು ಯಾವ ಗಳಿಗೆಯವು ಎಂಬುದು. 21119.25 ಎಂದಿದ್ದರೆ 2021ರ 119ನೇ ದಿನದ ಕಾಲು ಭಾಗ ಕಳೆದಾಗ. ಎಂದರೆ ಏಪ್ರಿಲ್ 29, ಯುಟಿಸಿ ಬೆಳಿಗ್ಗೆ 6 ಗಂಟೆ.

ಎರಡನೇ ಸಾಲಿನಲ್ಲಿ ಕಕ್ಷೆಯೇ ಇದೆ. ಕ್ರಮಸಂಖ್ಯೆಯ ನಂತರ ಬರುವುದು ಓರೆ, ನಿಲ್ದಾಣಕ್ಕೆ 41.47ರ ಆಸುಪಾಸು. ನೋಟಮ್‌ನಿಂದ ನೀವು ಕಂಡುಕೊಂಡ ಸಂಖ್ಯೆಯನ್ನು ಇದರ ಪಕ್ಕ ಇಟ್ಟು ನೋಡಿ. ಎರಡೂ ಹೊಂದಿಕೊಂಡ ಆ ಗಳಿಗೆಯ ಸಂತೋಷಕ್ಕಾಗಿಯೇ ನಾನು ಇಷ್ಟೆಲ್ಲ ಮಾಡುತ್ತೇನೆ. 

ಮುಂದಿನದು ಆರೋಹಣ ಬಿಂದು. ಪಂಚಾಂಗ ನೋಡಿ ಬೆಳೆದವರಿಗೆ ಇದು ಅಪರಿಚಿತವೇನಲ್ಲ. ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದುವೇ ರಾಹು. ಹಾಗೆಯೇ ಉಪಗ್ರಹವು ಸಮಭಾಜಕ ವೃತ್ತವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದು ಅದರ ರಾಹು. ರಾಹು ಹಿಮ್ಮುಖವಾಗಿ ಸರಿಯುತ್ತಾನೆ ಎಂದು ಪಂಚಾಂಗ ಹೇಳುತ್ತದೆಯಲ್ಲ, ನಿಲ್ದಾಣದ ರಾಹುವೂ ಹಿಮ್ಮುಖವಾಗಿಯೇ ಸರಿಯುತ್ತದೆ. ಚಂದ್ರನ ರಾಹುವಿಗೆ ಒಂದು ಸುತ್ತಿಗೆ 18.6 ವರ್ಷ ಬೇಕು; ಅಲ್ಲಿ ಎಳೆಯುವುದು ಸೂರ್ಯ. ಟಿಯಾಂಗಾಂಗ್‌ನ ರಾಹು ದಿನಕ್ಕೆ ಸುಮಾರು 6 ಡಿಗ್ರಿ ಸರಿದು ಎರಡು ತಿಂಗಳಲ್ಲಿ ಸುತ್ತು ಮುಗಿಸುತ್ತದೆ. ಇಲ್ಲಿ ಎಳೆಯುವುದು ಭೂಮಿಯ ಉಬ್ಬಿದ ನಡು. ಈ ಸಂಗತಿ ಮಾಳಿಗೆ ಹತ್ತಿದಾಗ ಮತ್ತೆ ಬೇಕಾಗುತ್ತದೆ.

ಆಮೇಲೆ ಉತ್ಕೇಂದ್ರತೆ, ಎಂದರೆ ಕಕ್ಷೆ ಎಷ್ಟು ಮೊಟ್ಟೆಯಾಕಾರ ಎಂಬುದು. ಜಾಗ ಉಳಿಸಲು ದಶಮಾಂಶ ಬಿಂದುವನ್ನು ಬರೆದಿರುವುದಿಲ್ಲ. 0005000 ಎಂದರೆ 0.0005, ಬಹುತೇಕ ವೃತ್ತ. ನಡುವಿನ ಎರಡು ಕೋನಗಳನ್ನು ಸದ್ಯಕ್ಕೆ ಬಿಡಿ. ಅವು ತಂತ್ರಾಂಶದ ಕೆಲಸಕ್ಕೆ. ಕೊನೆಯದು ಮುಖ್ಯ: ದಿನಕ್ಕೆ ಎಷ್ಟು ಸುತ್ತು. ಅದು 15.6 ಇದ್ದರೆ, ದಿನದ 1440 ನಿಮಿಷಗಳನ್ನು 15.6ರಿಂದ ಭಾಗಿಸಿ, ಒಂದು ಸುತ್ತಿಗೆ 92.3 ನಿಮಿಷ. ಎತ್ತರ ಬೇಕಾದರೆ ಕೆಪ್ಲರನ ಮೂರನೇ ನಿಯಮ ಸಾಕು. ದಿನದ ಸುತ್ತುಗಳನ್ನು ವರ್ಗ ಮಾಡಿ, ಅದರ ಘನಮೂಲ ತೆಗೆಯಿರಿ, 15.6ಕ್ಕೆ ಅದು 6.243. ಈಗ 42,241 ಎಂಬ ಸಂಖ್ಯೆಯನ್ನು (ದಿನಕ್ಕೆ ಒಂದೇ ಸುತ್ತು ಹಾಕುವ ಕಕ್ಷೆಯ ತ್ರಿಜ್ಯ, ಕಿ.ಮೀ.ಗಳಲ್ಲಿ) ಅದರಿಂದ ಭಾಗಿಸಿ. 6,766 ಕಿ.ಮೀ. ಬಂತು, ಇದು ಭೂಮಿಯ ಕೇಂದ್ರದಿಂದ ಇರುವ ದೂರ. ಭೂಮಿಯ ತ್ರಿಜ್ಯ 6,378 ಕಳೆದರೆ 388 ಕಿ.ಮೀ. ಎತ್ತರ.

ಈ ಎರಡು ಮೂರು ಸಂಖ್ಯೆಗಳಿಂದಲೇ ಉಪಗ್ರಹದ ಉದ್ಯೋಗ ಏನೆಂಬುದರ ಸುಳಿವೂ ಸಿಗುತ್ತದೆ. ಓರೆ 97 ಅಥವಾ 98, ದಿನಕ್ಕೆ 15ರ ಹತ್ತಿರ ಸುತ್ತು ಎಂದರೆ ಸೂರ್ಯನೊಂದಿಗೆ ಹೊಂದಿಕೊಂಡ, ಒಂದು ಜಾಗದ ಮೇಲೆ ಯಾವಾಗಲೂ ದಿನದ ಅದೇ ಹೊತ್ತಿಗೆ ಹಾಯುವ ಕಕ್ಷೆ. ನೆಲದ ಚಿತ್ರ ತೆಗೆಯುವ ಉಪಗ್ರಹಗಳ ಜಾಗ. ತೈಯುವಾನ್‌ನಿಂದ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿ ಹಾರುವವು ಹೆಚ್ಚಾಗಿ ಇವೇ. ದಿನಕ್ಕೆ 2.3 ಸುತ್ತು, ಉತ್ಕೇಂದ್ರತೆ 0.73 ಎಂದರೆ ಅದು ಭೂಸ್ಥಿರ ಕಕ್ಷೆಗೆ, ಎಂದರೆ ಉಪಗ್ರಹ ಬಾನಿನ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆಗೆ, ಹೋಗುವ ಏಣಿ. ಓರೆ 55, ದಿನಕ್ಕೆ 1.86 ಸುತ್ತು ಕಂಡರೆ ಚೀನಾದ ಸ್ಥಾನಸೂಚಕ ವ್ಯವಸ್ಥೆಯಾದ ಬೈಡೊವಿನ ಉಪಗ್ರಹ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಅವು 21,500 ಕಿ.ಮೀ. ಎತ್ತರದಲ್ಲಿವೆ.

ಮಾಳಿಗೆಯ ಮೇಲೆ

ಓರೆ 41.5 ಇರುವ ನಿಲ್ದಾಣ ಉತ್ತರಕ್ಕೆ 41.5 ಡಿಗ್ರಿ, ದಕ್ಷಿಣಕ್ಕೆ 41.5 ಡಿಗ್ರಿ ಅಕ್ಷಾಂಶದವರೆಗೆ ಹೋಗುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಊರಿನ ನೆತ್ತಿಯ ಮೇಲೂ ಅದು ಒಂದಲ್ಲ ಒಂದು ದಿನ ಹಾದುಹೋಗುತ್ತದೆ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಆ ಭಾಗ್ಯವಿಲ್ಲ. ಅಲ್ಲಿ ಅದು ದಕ್ಷಿಣದ ಬಾನಿನಲ್ಲಿ 14 ಡಿಗ್ರಿಗಿಂತ ಮೇಲೆ ಏರುವುದಿಲ್ಲ.

ಸ್ಟೆಲ್ಲೇರಿಯಂ ಅಥವಾ ಜಿಪ್ರೆಡಿಕ್ಟ್ ತಂತ್ರಾಂಶವನ್ನು ಹಾಕಿಕೊಳ್ಳಿ, ಎರಡೂ ಉಚಿತ. ನಿಮ್ಮ ಊರಿನ ಅಕ್ಷಾಂಶ ರೇಖಾಂಶ ಕೊಡಿ, 48274ರ ಅಂಕಿಗಳನ್ನು ಅಂದೇ ಹೊಸದಾಗಿ ತರಿಸಿಕೊಳ್ಳಿ. ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುತ್ತಿರುತ್ತಾರೆ, ಆದ್ದರಿಂದ ವಾರದ ಹಳೆಯ ಅಂಕಿಗಳನ್ನು ನಂಬಬೇಡಿ. ಇಷ್ಟು ತಾಪತ್ರಯ ಬೇಡವೆನ್ನುವವರಿಗೆ ಹೆವನ್ಸ್ ಅಬವ್ ತಾಣದಲ್ಲಿ ಸಿದ್ಧ ಪಟ್ಟಿ ಇದೆ.

ನೋಡುವ ಹೊತ್ತು ಎಂದರೆ ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಸುಮಾರು ಒಂದೂವರೆ ಗಂಟೆಯವರೆಗೆ. ಬೆಳಗಿನ ಜಾವದಲ್ಲಾದರೆ ಸೂರ್ಯೋದಯಕ್ಕೆ ಮೊದಲು ಅಷ್ಟೇ ಹೊತ್ತು. ನಮಗೆ ಕತ್ತಲಾಗಿರಬೇಕು, ಮೇಲಿರುವ ಅದಕ್ಕೆ ಬಿಸಿಲು ಬೀಳುತ್ತಿರಬೇಕು. ಉಪಗ್ರಹದ ರಾಹು ಹಿಂದಕ್ಕೆ ಸರಿಯುವುದರಿಂದ ದಿನದಿಂದ ದಿನಕ್ಕೆ ಅದು ಸುಮಾರು ಅರ್ಧ ಗಂಟೆ ಬೇಗ ಬರುತ್ತ ಹೋಗುತ್ತದೆ. ಹೀಗಾಗಿ ಕೆಲವು ಸಂಜೆ ಕಾಣಿಸಿ, ನಂತರ ಹಗಲಿಗೆ ಸರಿದು ಮರೆಯಾಗಿ, ಕೆಲವು ವಾರ ಕಳೆದು ಮತ್ತೆ ಬರುತ್ತದೆ. ಒಂದು ಸಂಜೆ ತಪ್ಪಿದರೆ ಮರುದಿನವೇ ಹತ್ತಿ ನೋಡಿ.

ಎತ್ತರದ ಅಳತೆಗೆ ಉಪಕರಣ ಬೇಡ. ತೋಳು ನೀಡಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಬೆರಳು ಅಗಲಿಸಿದ ಒಂದು ಗೇಣು ಸುಮಾರು ಇಪ್ಪತ್ತು. ಮೊದಲ ಸಲಕ್ಕೆ 40 ಡಿಗ್ರಿಗಿಂತ ಮೇಲೆ ಹೋಗುವ ಹಾದಿಯನ್ನೇ ಆರಿಸಿಕೊಳ್ಳಿ. ಹತ್ತು ನಿಮಿಷ ಮೊದಲೇ ಹತ್ತಿ, ಮೊಬೈಲ್ ಬದಿಗಿಟ್ಟು ಕಣ್ಣನ್ನು ಕತ್ತಲಿಗೆ ಒಗ್ಗಿಸಿ.

ಸಂಜೆಯಾದರೆ ಅದು ಪಶ್ಚಿಮದ ಕಡೆಯಿಂದ ಬರುತ್ತದೆ. ಮೊದಲು ಮಾಸಲು ಚುಕ್ಕೆ. ವಿಮಾನದಂತೆ ಮಿನುಗುವುದಿಲ್ಲ, ಸದ್ದಿಲ್ಲ. ಮೇಲೇರಿದಂತೆ ಸ್ವಾತಿ ನಕ್ಷತ್ರವನ್ನು ಮೀರಿಸುತ್ತದೆ, ಒಳ್ಳೆಯ ದಿನ ಲುಬ್ಧಕಕ್ಕೂ ಸಾಟಿಯಾಗುತ್ತದೆ. ಪೂರ್ವಕ್ಕೆ ಇಳಿಯುತ್ತಿರುವಾಗ ಇನ್ನೂ ಸಾಕಷ್ಟು ಎತ್ತರದಲ್ಲಿರುವಂತೆಯೇ ಅದರ ಬಿಳುಪು ಕೆಂಪಿಗೆ ತಿರುಗಿ, ಕೆಲವೇ ಸೆಕೆಂಡುಗಳಲ್ಲಿ ದೀಪ ಆರಿದಂತೆ ಆರುತ್ತದೆ. ಅದು ಭೂಮಿಯ ನೆರಳಿನೊಳಗೆ ಹೋಗಿದೆ. ಆ ಕೆಂಪು, ನೆರಳಿನ ಅಂಚಿನಲ್ಲಿ ನಿಲ್ದಾಣ ಕಾಣುವ ಸೂರ್ಯಾಸ್ತದ್ದು. ಮೂವರು ಗಗನಯಾತ್ರಿಗಳು ಅದರೊಳಗಿದ್ದಾರೆ ಎಂದು ನೆನೆಸಿಕೊಂಡರೆ ಕೆಳಗಿಳಿಯಲು ಮನಸ್ಸಾಗುವುದಿಲ್ಲ.

ನೋಟವನ್ನು ದಾಖಲೆಯಾಗಿಸಬೇಕೆಂದರೆ ಒಂದು ಗಡಿಯಾರ ಸಾಕು. ಹಾದಿಯ ಬಳಿ ಬರುವ ನಕ್ಷತ್ರವೊಂದನ್ನು, ಚಿತ್ತೆಯನ್ನೋ ರೋಹಿಣಿಯನ್ನೋ, ಮೊದಲೇ ಗುರುತಿಟ್ಟುಕೊಳ್ಳಿ. ಚುಕ್ಕೆ ಅದರ ಪಕ್ಕಕ್ಕೆ ಬಂದ ಸೆಕೆಂಡನ್ನು ಬರೆದುಕೊಂಡು ತಂತ್ರಾಂಶ ಹೇಳಿದ ಸಮಯಕ್ಕೆ ಹೋಲಿಸಿ. ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುತ್ತದೆ. ಅದು ಮೂರು ಸೆಕೆಂಡು ಮೊದಲೇ ಬಂದಿದ್ದರೆ ಅದು ಅಂಕಿಗಳು ಹೇಳಿದ ಜಾಗಕ್ಕಿಂತ 23 ಕಿ.ಮೀ. ಮುಂದಿತ್ತು ಎಂದಾಯಿತು.

ರೇಡಿಯೊದ ಹವ್ಯಾಸವಿದ್ದವರು ಕಿವಿಯಿಂದಲೂ ಇದನ್ನೇ ಮಾಡಬಹುದು. 2015ರ ಸೆಪ್ಟೆಂಬರ್ 20ರಂದು ತೈಯುವಾನ್‌ನಿಂದ ಲಾಂಗ್ ಮಾರ್ಚ್ 6 ತನ್ನ ಮೊದಲ ಹಾರಾಟದಲ್ಲೇ ಇಪ್ಪತ್ತು ಸಣ್ಣ ಉಪಗ್ರಹಗಳನ್ನು ಬಿಟ್ಟಿತು. ಕೆಲವು ಹವ್ಯಾಸಿಗಳಿಗೆಂದೇ ಮಾಡಿದವು. ಗುಂಪಿನಲ್ಲಿ ಯಾವುದು ಯಾವುದೆಂದು ತಿಳಿಯಲು ಡಾಪ್ಲರ್ ಪರಿಣಾಮ ಬಳಸುತ್ತಾರೆ. 145 ಮೆಗಾಹರ್ಟ್ಸ್‌ನ ದನಿ ಹತ್ತಿರ ಬರುವಾಗ ಮೂರು ಕಿಲೊಹರ್ಟ್ಸ್‌ಗೂ ಹೆಚ್ಚು ಮೇಲಿದ್ದು, ದೂರ ಹೋಗುವಾಗ ಅಷ್ಟೇ ಕೆಳಗಿಳಿಯುತ್ತದೆ. ನಡುವೆ ಅದು ಬೇಗನೆ ಜಾರುವ ಗಳಿಗೆಯೇ ಉಪಗ್ರಹ ನಿಮಗೆ ಅತಿ ಸಮೀಪ ಇರುವ ಗಳಿಗೆ. ಭಾರತದಲ್ಲಿ ಪ್ರಸಾರ ಮಾಡಬೇಕೆಂದರೆ ಹವ್ಯಾಸಿ ರೇಡಿಯೊ ಪರವಾನಗಿ ಬೇಕೇ ಬೇಕು.

ಬೀಳುವುದನ್ನೂ ಹಿಂಬಾಲಿಸುವುದು

ಟಿಯಾನ್‌ಹೆಯನ್ನು ಹೊತ್ತ ಲಾಂಗ್ ಮಾರ್ಚ್ 5ಬಿ ರಾಕೆಟ್ಟಿನ ಇಪ್ಪತ್ತು ಟನ್ನಿಗೂ ಮಿಕ್ಕ ತೂಕದ ಮುಖ್ಯ ಹಂತ ತಾನೂ ಕಕ್ಷೆ ಸೇರಿತ್ತು. ಪಟ್ಟಿಯಲ್ಲಿ ಅದು 48275. ಇಂಥದ್ದನ್ನು ಹಿಂಬಾಲಿಸುವಾಗ ಎರಡನೇ ಸಾಲಿನ ಕೊನೆಯ ಸಂಖ್ಯೆಯನ್ನು ದಿನಾ ಬರೆದಿಟ್ಟುಕೊಳ್ಳಿ. ದಿನದ ಸುತ್ತುಗಳು ಹೆಚ್ಚುತ್ತಿವೆ ಎಂದರೆ ಗಾಳಿಯ ತಡೆಗೆ ಸಿಕ್ಕಿ ಅದು ಕೆಳಗಿಳಿಯುತ್ತಿದೆ. 16 ದಾಟಿದ ಮೇಲೆ ಏರಿಕೆ ಬಹಳ ಜೋರಾಗುತ್ತದೆ. ಆ ಹಂತ ಮೇ 9ರಂದು ಬೆಳಿಗ್ಗೆ ನಮ್ಮ 7.54ಕ್ಕೆ ಮಾಲ್ಡೀವ್ಸ್ ಬಳಿ ಹಿಂದೂ ಮಹಾಸಾಗರದ ಮೇಲೆ ವಾತಾವರಣಕ್ಕೆ ನುಗ್ಗಿತು.

ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳುವವರ ಮಾತಿಗೆ ಕಿವಿಗೊಡಬೇಡಿ. ಉಳಿದ ಅವಧಿಯ ಐದನೇ ಒಂದು ಭಾಗದಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಐದು ಗಂಟೆ ಬಾಕಿ ಇದ್ದರೆ ಒಂದು ಗಂಟೆ ಆಚೀಚೆ. ಒಂದು ಗಂಟೆಯಲ್ಲಿ ಅದು ಸುಮಾರು 28 ಸಾವಿರ ಕಿ.ಮೀ. ಓಡಿರುತ್ತದೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಬಾನಿನಲ್ಲಿ ಬೆಂಕಿಯ ಸಾಲು ಕಂಡು, ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಉಂಗುರವೂ ಗೋಳಗಳೂ ಸಿಕ್ಕವು. ಅಂದು ಅದೇ ಹೊತ್ತಿಗೆ ಬಿದ್ದದ್ದು 2021ರ ಫೆಬ್ರುವರಿಯಲ್ಲಿ ಶೀಚಾಂಗ್‌ನಿಂದ ಹೋಗಿದ್ದ ಲಾಂಗ್ ಮಾರ್ಚ್ 3ಬಿಯ ಮೇಲಿನ ಹಂತ. ಮೇಲೆ ಏಣಿ ಎಂದೆನಲ್ಲ, ಆ ಬಗೆಯ ಕಕ್ಷೆಯ ಕೆಳತುದಿ ಗಾಳಿಗೆ ತಾಗುವಷ್ಟು ತಗ್ಗು. ಪ್ರತಿ ಸುತ್ತಿನಲ್ಲೂ ಅಲ್ಲಿ ಸ್ವಲ್ಪ ಸವೆದು, ಮೇಲ್ತುದಿ ಕುಗ್ಗುತ್ತ ಬಂದು, ಒಂದು ದಿನ ಇಳಿದುಬಿಡುತ್ತದೆ. ಇಂಥ ವಸ್ತುಗಳಿಂದ ನಮ್ಮ ಉಪಗ್ರಹಗಳನ್ನು ಕಾಯುವ ಇಸ್ರೋದ ಕೇಂದ್ರ 2022ರ ಜುಲೈಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಆರಂಭವಾಯಿತು. ಹೊಲದಲ್ಲಿ ಇಂಥ ಚೂರು ಕಂಡರೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ತಹಶೀಲ್ದಾರರ ಕಚೇರಿಗೋ ಪೊಲೀಸರಿಗೋ ತಿಳಿಸಿ.

ಇಷ್ಟು ಕೈಗೆ ಬಂದ ಮೇಲೆ ಒಂದು ಅಭ್ಯಾಸ ಕೊಡುತ್ತೇನೆ. ಪಟ್ಟಿಯಲ್ಲಿ 4382 ಎಂಬ ಸಂಖ್ಯೆಯನ್ನು ತೆರೆಯಿರಿ. ಅದು ಚೀನಾದ ಮೊದಲ ಉಪಗ್ರಹ ಡೊಂಗ್‌ಫಾಂಗ್‌ಹೊಂಗ್-1, ಎಂದರೆ ‘ಪೂರ್ವ ಕೆಂಪಾಗಿದೆ’. 1970ರ ಏಪ್ರಿಲ್ 24ರಂದು ಜಿಯುಚ್ಯುವಾನ್‌ನಿಂದ ಹೊರಟಿತು. ತೂಕ 173 ಕೆ.ಜಿ. ತನ್ನ ಹೆಸರಿನ ಹಾಡಿನ ಧಾಟಿಯನ್ನು ಕೆಲವು ವಾರ ರೇಡಿಯೊದಲ್ಲಿ ನುಡಿಸಿ ಬ್ಯಾಟರಿ ಮುಗಿದು ಸುಮ್ಮನಾಯಿತು. ಉಪಗ್ರಹ ತೀರ ಮಂಕಾಗಿದ್ದರಿಂದ ಅದರ ಹಿಂದೆಯೇ ಸುತ್ತುವ ರಾಕೆಟ್ ಹಂತಕ್ಕೆ ಹೊಳೆಯುವ ಲಂಗದಂಥ ಹೊದಿಕೆ ತೊಡಿಸಿದ್ದರು, ಊರಿನ ಜನ ಅಂಗಳದಲ್ಲಿ ನಿಂತು ನೋಡಲೆಂದು. ಉಪಗ್ರಹ ಈಗಲೂ ಮೇಲಿದೆ. ಓರೆ 68.4. ಅದರ ಇಂದಿನ ದಿನದ ಸುತ್ತುಗಳನ್ನು ನೋಡಿ ಸರಾಸರಿ ಎತ್ತರ ಲೆಕ್ಕಹಾಕಿ. 1970ರಲ್ಲಿ ಅದು ನೆಲದಿಂದ 439 ಮತ್ತು 2,384 ಕಿ.ಮೀ. ನಡುವೆ ಸುತ್ತುತ್ತಿತ್ತು, ಅಷ್ಟು ವರ್ಷಗಳಲ್ಲಿ ಎಷ್ಟು ಇಳಿದಿದೆ ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.